ತಡೆಯದಿದ್ದವನ ಹೊಣೆ: ಮನಿಲಾ ವಿಚಾರಣೆ ಮತ್ತು ಯುದ್ಧಾಪರಾಧದ ನ್ಯಾಯ

ಯುದ್ಧದಲ್ಲಿ ನಡೆಯುವ ಘೋರ ಕೃತ್ಯಗಳಿಗೆ ಹೊಣೆ ಯಾರೆಂದು ಕೇಳಿದಾಗ ಕೊಂದವನನ್ನೂ, ಕೊಲ್ಲಿಸಿದವನನ್ನೂ, ಕೊಲೆಗೆ ಸಮ್ಮತಿಯಿತ್ತವನನ್ನೂ ಬೊಟ್ಟುಮಾಡಿ ತೋರಿಸುವುದು ಕಷ್ಟವಲ್ಲ. ತೊಡಕಿರುವುದು ನಾಲ್ಕನೆಯವನ ವಿಷಯದಲ್ಲಿ. ಆತ ಕೊಲ್ಲಲಿಲ್ಲ, ಕೊಲ್ಲಿರೆಂದು ಆಜ್ಞಾಪಿಸಲಿಲ್ಲ, ನಡೆದುದನ್ನು ಮೆಚ್ಚಿದನೆಂಬುದಕ್ಕೂ ಸಾಕ್ಷ್ಯವಿಲ್ಲ. ಆದರೆ ಕೊಂದವರು ಆತನ ಅಧೀನದಲ್ಲಿದ್ದವರು, ಅವರನ್ನು ತಡೆಯುವ ಕರ್ತವ್ಯ ಆತನದಾಗಿತ್ತು, ಆತ ತಡೆಯಲಿಲ್ಲ. ಇಂಥವನನ್ನು ಶಿಕ್ಷಿಸಬಹುದೇ? ಶಿಕ್ಷಿಸಬಹುದಾದರೆ ಯಾವ ಅಳತೆಗೋಲಿನಿಂದ?

ಯುದ್ಧಾಪರಾಧಗಳ ವಿಚಾರಣೆಯೆಂದೊಡನೆ ನಮಗೆ ನ್ಯೂರೆಂಬರ್ಗ್ ಮತ್ತು ಟೋಕಿಯೊ ನೆನಪಿಗೆ ಬರುತ್ತವೆ. ಆ ಎರಡು ನ್ಯಾಯಮಂಡಲಿಗಳು ತೀರ್ಪು ನೀಡುವುದಕ್ಕೆ ಬಹಳ ಮೊದಲೇ, ೧೯೪೫ರ ಡಿಸೆಂಬರ್ ೭ರಂದು, ಫಿಲಿಪ್ಪೀನ್ಸ್ ದೇಶದ ಮನಿಲಾ ನಗರದಲ್ಲಿ ಜಪಾನಿನ ಜನರಲ್ ತೊಮೊಯುಕಿ ಯಮಾಶಿತನಿಗೆ ಮರಣದಂಡನೆ ವಿಧಿಸಿದ ತೀರ್ಪೊಂದು ಹೊರಬಿತ್ತು. ಪರ್ಲ್ ಹಾರ್ಬರ್ ದಾಳಿ ನಡೆದು ಅಂದಿಗೆ ಸರಿಯಾಗಿ ನಾಲ್ಕು ವರ್ಷ. ಆ ದಿನ ಕೇವಲ ಆಕಸ್ಮಿಕವಾಗಿ ಒದಗಿಬಂದಿತೆಂದು ನಂಬುವುದು ಕಷ್ಟ. ನಾಲ್ಕನೆಯವನ ಪ್ರಶ್ನೆಯನ್ನು ಅಂತರರಾಷ್ಟ್ರೀಯ ಕಾನೂನಿನ ನಡುಮನೆಗೆ ತಂದು ನಿಲ್ಲಿಸಿದ್ದು ಆ ತೀರ್ಪು. ಅದರ ಹಿಂದಿನ ತತ್ತ್ವ ಸರಿಯಾದದ್ದು, ಆದರೆ ಅದನ್ನು ಅನ್ವಯಿಸಿದ ವಿಚಾರಣೆ ಸರಿಯಾದದ್ದಲ್ಲ ಎಂದು ನನಗೆ ತೋರುತ್ತದೆ. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಮರೆಮಾಡುವವರು ಇಂದಿಗೂ ಇದ್ದಾರೆ; ಆದುದರಿಂದ ನಡೆದ ಸಂಗತಿಗಳನ್ನು ಕೊಂಚ ವಿವರವಾಗಿಯೇ ನೋಡಬೇಕಾಗಿದೆ.

ಯಮಾಶಿತ ಸಾಮಾನ್ಯ ಸೇನಾನಿಯಲ್ಲ. ಮಲಯವನ್ನು ಗೆದ್ದು ೧೯೪೨ರ ಫೆಬ್ರವರಿ ೧೫ರಂದು ಸಿಂಗಪುರವನ್ನು ಬ್ರಿಟಿಷರ ಕೈಯಿಂದ ಕಿತ್ತುಕೊಂಡವನು. ಅಂದು ಸೆರೆಯಾದವರಲ್ಲಿ ಹತ್ತಾರು ಸಾವಿರ ಮಂದಿ ಭಾರತೀಯ ಸೈನಿಕರಿದ್ದರು. ೧೯೪೪ರ ಅಕ್ಟೋಬರಿನಲ್ಲಿ ಆತನನ್ನು ಫಿಲಿಪ್ಪೀನ್ಸ್ ರಕ್ಷಣೆಯ ದಂಡನಾಯಕನನ್ನಾಗಿ ಕಳುಹಿಸಲಾಯಿತು. ಆತ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ, ಆ ತಿಂಗಳ ೨೦ರಂದು, ಅಮೆರಿಕದ ಸೇನೆ ಲೇಯ್ತೆ ದ್ವೀಪದಲ್ಲಿ ಇಳಿಯಿತು. ಮರುವರ್ಷದ ಜನವರಿಯಲ್ಲಿ ಅದು ಮುಖ್ಯದ್ವೀಪವಾದ ಲುಜಾನಿಗೆ ಬಂದಾಗ ಯಮಾಶಿತ ತನ್ನ ಪಡೆಗಳನ್ನು ವಿಭಾಗಿಸಿ, ತಾನು ಉತ್ತರದ ಬೆಟ್ಟಸೀಮೆಗೆ ಹಿಂದೆ ಸರಿದನು. ಮನಿಲಾವನ್ನು ಹಿಡಿದು ನಿಂತು ಕಾದುವುದು ಆತನ ಯೋಜನೆಯಾಗಿರಲಿಲ್ಲ. ಆದರೆ ನೌಕಾದಳದ ರಿಯರ್ ಅಡ್ಮಿರಲ್ ಇವಾಬುಚಿಯ ಕೈಕೆಳಗೆ ಸುಮಾರು ಹದಿನಾರು ಸಾವಿರ ನಾವಿಕರೂ ಅವರೊಡನೆ ಕೆಲವು ಸಾವಿರ ಭೂಸೈನಿಕರೂ ನಗರದಲ್ಲೇ ಉಳಿದುಕೊಂಡರು.

೧೯೪೫ರ ಫೆಬ್ರವರಿ ೩ರಿಂದ ಮಾರ್ಚ್ ೩ರವರೆಗೆ ಒಂದು ತಿಂಗಳ ಕಾಲ ಮನಿಲಾ ಬೀದಿಬೀದಿಗಳಲ್ಲಿ ನಡೆದ ಕಾಳಗದಲ್ಲಿ ನಗರ ಹಾಳಾಯಿತು. ಸತ್ತ ನಾಗರಿಕರ ಸಂಖ್ಯೆ ಸುಮಾರು ಒಂದು ಲಕ್ಷವೆಂದು ಅಂದಾಜು. ಅಮೆರಿಕದ ಫಿರಂಗಿಗಳಿಗೆ ಸಿಕ್ಕಿ ಸತ್ತವರೂ ಇದರಲ್ಲಿ ಸೇರಿದ್ದಾರೆ. ಆದರೆ ಚರ್ಚುಗಳಲ್ಲಿ, ಆಸ್ಪತ್ರೆಗಳಲ್ಲಿ, ವಿದ್ಯಾಲಯಗಳಲ್ಲಿ ಆಶ್ರಯ ಪಡೆದಿದ್ದ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಜಪಾನೀ ಪಡೆಗಳು ಕೂಡಿಹಾಕಿ ಕೊಂದುದು, ಸುಟ್ಟುದು, ಸ್ತ್ರೀಯರ ಮೇಲೆ ಬಲಾತ್ಕಾರ ನಡೆಸಿದುದು ಬದುಕುಳಿದವರ ನೂರಾರು ಹೇಳಿಕೆಗಳಿಂದ ಸ್ಥಿರಪಟ್ಟಿದೆ. ಮನಿಲಾದ ದಕ್ಷಿಣದಲ್ಲಿರುವ ಬತಾಂಗಾಸ್ ಮತ್ತು ಲಗೂನಾ ಪ್ರಾಂತಗಳಲ್ಲೂ ಊರೂರುಗಳೇ ಕೊಲೆಗೀಡಾದವು. ಅಲ್ಲಿ ಕೊಂದವರು ನಾವಿಕರಲ್ಲ, ಭೂಸೇನೆಯವರೇ. ಯಮಾಶಿತನನ್ನು ಸಂಪೂರ್ಣ ನಿರಪರಾಧಿಯೆಂದು ಬರೆಯುವವರು ಈ ಸಂಗತಿಯನ್ನು ಹೆಚ್ಚಾಗಿ ಎತ್ತುವುದಿಲ್ಲ.

ಯುದ್ಧ ಮುಗಿದು, ಸೆಪ್ಟೆಂಬರಿನ ಆರಂಭದಲ್ಲಿ ಆತ ಶರಣಾದನು. ಅಕ್ಟೋಬರ್ ೨೯ರಂದು ಮನಿಲಾದ ಅಮೆರಿಕನ್ ಹೈ ಕಮಿಷನರರ ನಿವಾಸದಲ್ಲಿ ವಿಚಾರಣೆ ತೊಡಗಿತು. ವಿಚಾರಣಾಧೀಶರು ಐವರು ಅಮೆರಿಕನ್ ಜನರಲ್‌ಗಳು. ಅವರಲ್ಲಿ ಒಬ್ಬನೂ ಕಾನೂನು ಕಲಿತವನಲ್ಲ. ಆ ಆಯೋಗವನ್ನು ನೇಮಿಸಲು ಆಜ್ಞಾಪಿಸಿದವನೂ, ಅದರ ನಿಯಮಗಳಿಗೆ ಮೂಲನಾದವನೂ, ಕೊನೆಗೆ ಶಿಕ್ಷೆಯನ್ನು ಸ್ಥಿರೀಕರಿಸಬೇಕಾಗಿದ್ದವನೂ ಒಬ್ಬನೇ: ಯಮಾಶಿತನೊಡನೆ ಯುದ್ಧಮಾಡಿ ಗೆದ್ದ ಜನರಲ್ ಮೆಕಾರ್ಥರ್. ಮೊದಲಿದ್ದ ೬೪ ಆಪಾದನಾಂಶಗಳಿಗೆ ವಿಚಾರಣೆ ಆರಂಭವಾಗುವ ಹೊತ್ತಿಗೆ ಇನ್ನೂ ೫೯ ಸೇರಿ ಒಟ್ಟು ೧೨೩ ಆದವು. ಹೊಸ ಅಂಶಗಳನ್ನು ಪರಿಶೀಲಿಸಲು ಕಾಲಾವಕಾಶ ಕೊಡಿರೆಂದು ಪ್ರತಿವಾದಿ ವಕೀಲರು ಕೇಳಿದರು, ಆಯೋಗ ಕೊಡಲಿಲ್ಲ. ಕೇಳಿದ ಮಾತು, ಹಾಜರಿಲ್ಲದವರ ಪ್ರಮಾಣಪತ್ರ, ಪತ್ರಿಕಾ ವರದಿ, ಚಲನಚಿತ್ರ ಎಲ್ಲವೂ ಸಾಕ್ಷ್ಯವೆಂದು ಸ್ವೀಕೃತವಾದವು. ೨೮೬ ಸಾಕ್ಷಿಗಳು ನುಡಿದರು, ೪೨೩ ದಾಖಲೆಗಳು ಬಂದವು. ಇಷ್ಟೆಲ್ಲವೂ ಆರು ವಾರಗಳೊಳಗೆ ಮುಗಿಯಿತು. ಯಮಾಶಿತನ ಪರವಾಗಿ ವಾದಿಸಿದವರೂ ಅಮೆರಿಕದ ಸೇನಾಧಿಕಾರಿಗಳೇ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಶತ್ರುವಿಗಾಗಿ ಅವರು ಪಟ್ಟ ಶ್ರಮ ಅಲ್ಪವಲ್ಲ. ಅವರಲ್ಲೊಬ್ಬರಾದ ಫ್ರಾಂಕ್ ರೀಲ್ ೧೯೪೯ರಲ್ಲಿ ಈ ಮೊಕದ್ದಮೆಯ ಮೇಲೆ ಗ್ರಂಥವನ್ನೇ ಬರೆದು ತಮ್ಮ ದೇಶದ ನಡತೆಯನ್ನು ಟೀಕಿಸಿದರು.

ಆಪಾದನೆಯ ಸಾರ ಇದು: ಯಮಾಶಿತ ತನ್ನ ಅಧೀನದಲ್ಲಿದ್ದವರನ್ನು ಹತೋಟಿಯಲ್ಲಿಡುವ ದಂಡನಾಯಕನ ಕರ್ತವ್ಯವನ್ನು ನಿರ್ಲಕ್ಷಿಸಿ, ಅವರು ಘೋರ ಕೃತ್ಯಗಳನ್ನೆಸಗಲು ಎಡೆಗೊಟ್ಟನು. ಆತ ಆಜ್ಞೆ ಕೊಟ್ಟನೆಂದು ಆಪಾದನಾಪತ್ರದಲ್ಲಿ ಇರಲಿಲ್ಲ. ಆತನಿಗೆ ತಿಳಿದಿತ್ತೆಂದೂ ಸ್ಪಷ್ಟವಾಗಿ ಹೇಳಿರಲಿಲ್ಲ. ಆತನ ಉತ್ತರವೂ ಸರಳವಾಗಿತ್ತು: ಸಂಪರ್ಕ ಸಾಧನಗಳು ನಾಶವಾಗಿದ್ದವು, ಪಡೆಗಳು ಚದುರಿಹೋಗಿದ್ದವು, ನೌಕಾದಳದ ಮೇಲೆ ಪೂರ್ಣ ಅಧಿಕಾರವಿರಲಿಲ್ಲ, ಏನು ನಡೆಯುತ್ತಿತ್ತೆಂದು ತನಗೆ ಗೊತ್ತಿರಲಿಲ್ಲ. ಇಷ್ಟು ವ್ಯಾಪಕವಾಗಿ, ಇಷ್ಟು ದಿನ ನಡೆದುದು ತಿಳಿಯದೆ ಇದ್ದೀತೇ ಎಂದು ಪ್ರತಿಪಕ್ಷ ಕೇಳಿತು. ಆಯೋಗದ ತೀರ್ಪು ಈ ಗಂಟನ್ನು ಬಿಡಿಸಲಿಲ್ಲ. ಪರಿಸ್ಥಿತಿಗೆ ತಕ್ಕ ಹತೋಟಿಯನ್ನು ಆತ ಒದಗಿಸಲಿಲ್ಲವೆಂದಷ್ಟೇ ಹೇಳಿ ನೇಣಿನ ಶಿಕ್ಷೆ ವಿಧಿಸಿತು. ಆತನಿಗೆ ತಿಳಿದಿತ್ತೇ, ತಿಳಿದಿರಬೇಕಾಗಿತ್ತೇ, ತಿಳಿದುಕೊಳ್ಳಲು ಸಾಧ್ಯವಿತ್ತೇ? ಈ ಮೂರೂ ಬೇರೆಬೇರೆ ಪ್ರಶ್ನೆಗಳು. ಒಬ್ಬನ ಪ್ರಾಣ ನಿಂತಿರುವಾಗ ಅವನ್ನು ಬೇರೆಬೇರೆಯಾಗಿಯೇ ಕೇಳಬೇಕಾಗಿತ್ತು.

ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ೧೯೪೬ರ ಫೆಬ್ರವರಿ ೪ರಂದು ಮುಖ್ಯ ನ್ಯಾಯಮೂರ್ತಿ ಸ್ಟೋನ್ ಬಹುಮತದ ತೀರ್ಪು ಕೊಟ್ಟರು. ೧೯೦೭ರ ಹೇಗ್ ಒಪ್ಪಂದದ ನಿಯಮಗಳು ಸೈನ್ಯವೆನಿಸಿಕೊಳ್ಳಬೇಕಾದರೆ ಕೈಕೆಳಗಿನವರಿಗೆ ಹೊಣೆಯಾದ ನಾಯಕನಿರಬೇಕೆಂದು ವಿಧಿಸಿದ್ದವು. ಯುದ್ಧನಿಯಮಗಳ ಉದ್ದೇಶವೇ ನಿರಾಯುಧರ ರಕ್ಷಣೆ. ನಾಯಕನು ಕೈಕಟ್ಟಿ ಕುಳಿತರೂ ಹೊಣೆಯಿಲ್ಲವೆಂದರೆ ಆ ಉದ್ದೇಶವೇ ಮಣ್ಣುಪಾಲಾಗುತ್ತದೆ ಎಂಬುದು ಬಹುಮತದ ತರ್ಕ. ತತ್ತ್ವವಾಗಿ ಇದನ್ನು ಅಲ್ಲಗಳೆಯುವುದು ಕಷ್ಟ. ಅಧಿಕಾರವೆಂಬುದು ಕೇವಲ ಆಜ್ಞೆ ಮಾಡುವ ಹಕ್ಕಲ್ಲ, ಎಚ್ಚರವಾಗಿರುವ ಋಣವೂ ಹೌದು. ಪ್ರಮಾದವೆಂಬ ಮಾತಿನ ಭಾರವನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ಬರೆದರು. ಅವರಲ್ಲಿ ಫ್ರಾಂಕ್ ಮರ್ಫಿ ೧೯೩೦ರ ದಶಕದಲ್ಲಿ ಫಿಲಿಪ್ಪೀನ್ಸಿನ ಗವರ್ನರ್ ಜನರಲ್ ಆಗಿ ಮನಿಲಾದಲ್ಲಿಯೇ ಬಾಳಿದ್ದವರು. ಆ ನಗರ ಹಾಳಾದುದಕ್ಕೆ ಅವರಷ್ಟು ನೊಂದವರು ಆ ಪೀಠದಲ್ಲಿ ಬೇರೆ ಯಾರೂ ಇದ್ದಿರಲಾರರು. ಅಂಥವರೇ ಬರೆದ ವಾದದ ತಾತ್ಪರ್ಯ ಹೀಗಿದೆ: ನಿನ್ನ ಸಂಪರ್ಕವನ್ನೂ ಹತೋಟಿಯನ್ನೂ ನಾಶಮಾಡಲು ನಾವು ಸಕಲ ಪ್ರಯತ್ನ ಮಾಡಿ ಸಫಲರಾದೆವು, ಈಗ ನಿನಗೆ ಹತೋಟಿಯಿರಲಿಲ್ಲವೆಂಬುದನ್ನೇ ಅಪರಾಧವೆಂದು ಎಣಿಸಿ ಶಿಕ್ಷಿಸುತ್ತೇವೆ ಎಂದಂತಾಯಿತು. ಇನ್ನೊಬ್ಬರಾದ ವೈಲಿ ರಟ್ಲೆಜ್ ಹಿಡಿದದ್ದು ವಿಚಾರಣಾ ಕ್ರಮವನ್ನು. ಆಪಾದಿತನಿಗೆ ಸಿದ್ಧತೆಗೆ ಸಮಯ ಕೊಡದ, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡದ ಪದ್ಧತಿ ಶತ್ರುವಿಗೆ ಅನ್ವಯಿಸಿದರೂ ನ್ಯಾಯವಲ್ಲವೆಂದು ಅವರು ವಾದಿಸಿದರು. ಪೀಠದ ಮತ್ತೊಬ್ಬ ಸದಸ್ಯರಾದ ರಾಬರ್ಟ್ ಜಾಕ್ಸನ್ ಅಂದು ಈ ತೀರ್ಪಿನಲ್ಲಿ ಭಾಗವಹಿಸಲಿಲ್ಲ. ಅವರು ನ್ಯೂರೆಂಬರ್ಗಿನಲ್ಲಿ ಅಮೆರಿಕದ ಮುಖ್ಯ ಅಭಿಯೋಜಕರಾಗಿದ್ದರು. ಅಧ್ಯಕ್ಷ ಟ್ರೂಮನ್ ಕ್ಷಮಾದಾನ ನೀಡಲಿಲ್ಲ. ಫೆಬ್ರವರಿ ೨೩ರಂದು ಲಗೂನಾ ಪ್ರಾಂತದ ಲೋಸ್ ಬಾನ್ಯೋಸ್‌ನಲ್ಲಿ ಯಮಾಶಿತನನ್ನು ನೇಣಿಗೇರಿಸಲಾಯಿತು.

ಇಲ್ಲೊಂದು ಮಾತು. ೧೯೪೨ರಲ್ಲಿ ಸಿಂಗಪುರ ಬಿದ್ದ ಕೆಲವೇ ದಿನಗಳಲ್ಲಿ, ಯಮಾಶಿತನ ಸೇನೆ ಅಲ್ಲಿನ ಚೀನೀ ಜನಾಂಗದ ಗಂಡಸರನ್ನು ಸಾಲುನಿಲ್ಲಿಸಿ ಆರಿಸಿ ಸಾವಿರಾರು ಮಂದಿಯನ್ನು ಕಡಲತೀರಗಳಿಗೆ ಒಯ್ದು ಕೊಂದಿತ್ತು. ಮನಿಲಾದ ಆಪಾದನೆಗಳಲ್ಲಿ ಇದು ಇರಲಿಲ್ಲ. ೧೯೪೭ರಲ್ಲಿ ಬ್ರಿಟಿಷರು ಸಿಂಗಪುರದಲ್ಲಿ ಇದರ ವಿಚಾರಣೆ ನಡೆಸಿ ಏಳು ಅಧಿಕಾರಿಗಳನ್ನು ಶಿಕ್ಷಿಸುವ ವೇಳೆಗೆ ಮುಖ್ಯ ದಂಡನಾಯಕ ಬದುಕಿರಲಿಲ್ಲ. ಅವಸರದ ನ್ಯಾಯದಿಂದ ಆಪಾದಿತನಿಗೆ ಮಾತ್ರವಲ್ಲ, ನೊಂದವರಿಗೂ ನಷ್ಟವಾಗುತ್ತದೆ. ಆತನ ಸೇನೆ ಮತ್ತು ಸಂಪರ್ಕಗಳೆರಡೂ ಸುಸ್ಥಿತಿಯಲ್ಲಿದ್ದಾಗ ನಡೆದ ಕೊಲೆಗಳ ಬಗ್ಗೆ ಆತನನ್ನು ಕೇಳುವ ಅವಕಾಶ ತಪ್ಪಿಹೋಯಿತು.

ಟೋಕಿಯೊದಲ್ಲಿ ಇದೇ ತತ್ತ್ವ ಸೇನಾನಿಯಿಂದ ಮಂತ್ರಿಯ ಕಡೆಗೆ ಸರಿಯಿತು. ಹನ್ನೊಂದು ರಾಷ್ಟ್ರಗಳ ನ್ಯಾಯಾಧೀಶರಿದ್ದ ಆ ಮಂಡಲಿ ೧೯೪೬ರ ಮೇ ೩ರಂದು ಕೆಲಸ ತೊಡಗಿ ೧೯೪೮ರ ನವೆಂಬರಿನಲ್ಲಿ ೨೫ ಮಂದಿಯನ್ನು ಅಪರಾಧಿಗಳೆಂದು ನಿರ್ಣಯಿಸಿತು. ನೇಣಿಗೇರಿದ ಏಳು ಮಂದಿಯಲ್ಲಿ ಒಬ್ಬ ನಾನ್‌ಕಿಂಗ್ ನಗರವನ್ನು ಹಿಡಿದ ಸೇನೆಯ ನಾಯಕ ಮಾತ್ಸುಯಿ. ಇನ್ನೊಬ್ಬ ಹಿರೋತ ಕೋಕಿ, ಆಗಿನ ವಿದೇಶಾಂಗ ಮಂತ್ರಿ. ನಾನ್‌ಕಿಂಗಿನ ಹತ್ಯಾಕಾಂಡದ ವರದಿಗಳು ಹಿರೋತನಿಗೆ ಬಂದಿದ್ದವು. ಅವನ್ನು ಆತ ಯುದ್ಧಮಂತ್ರಾಲಯಕ್ಕೆ ಕಳುಹಿಸಿದ, ಅಲ್ಲಿಂದ ಬಂದ ಆಶ್ವಾಸನೆಯನ್ನು ನಂಬಿ ಸುಮ್ಮನಾದ, ಸಂಪುಟದಲ್ಲಿ ಹಟಹಿಡಿಯಲಿಲ್ಲ. ಮಂಡಲಿ ಆತನ ಮೇಲೆ ಯುದ್ಧಸಂಚಿನ ಆಪಾದನೆಯನ್ನೂ ಎತ್ತಿಹಿಡಿದಿತ್ತಾದರೂ, ಈ ಮೌನವನ್ನು ಅಪರಾಧವೆನಿಸುವಂಥ ನಿರ್ಲಕ್ಷ್ಯವೆಂದು ಕರೆಯಿತು. ನೆದರ್ಲೆಂಡ್ಸಿನ ನ್ಯಾಯಾಧೀಶ ರೋಲಿಂಗ್ ಹಿರೋತನನ್ನು ಬಿಡುಗಡೆ ಮಾಡಬೇಕೆಂದು ಬರೆದರು. ಚಕ್ರವರ್ತಿ ಮಾತ್ರ ಆಪಾದಿತರ ಪಟ್ಟಿಯಲ್ಲಿ ಇರಲೇ ಇಲ್ಲ. ಮಂಚೂರಿಯಾದಲ್ಲಿ ಸೆರೆಯಾಳುಗಳ ಮೇಲೆ ರೋಗಾಣು ಪ್ರಯೋಗ ನಡೆಸಿದ ತಂಡದವರಿಗೆ ಅವರ ಶೋಧನೆಗಳ ಬದಲಿಗೆ ಅಮೆರಿಕ ರಕ್ಷಣೆ ನೀಡಿತು.

ಈ ಮಂಡಲಿಯಲ್ಲಿ ಭಾರತದ ಪರವಾಗಿ ಕುಳಿತವರು ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ರಾಧಾಬಿನೋದ್ ಪಾಲ್. ಸಾವಿರಕ್ಕೂ ಮಿಕ್ಕಿದ ಪುಟಗಳ ಭಿನ್ನಮತದಲ್ಲಿ ಅವರು ಎಲ್ಲ ಆಪಾದಿತರೂ ನಿರ್ದೋಷಿಗಳೆಂದು ತೀರ್ಮಾನಿಸಿದರು. ಆಕ್ರಮಣಯುದ್ಧ ಆ ಕಾಲದ ಅಂತರರಾಷ್ಟ್ರೀಯ ಕಾನೂನಿನಲ್ಲಿ ವ್ಯಕ್ತಿಗಳ ಅಪರಾಧವಾಗಿರಲಿಲ್ಲ, ಗೆದ್ದವನು ಸೋತವನಿಗಾಗಿ ಹೊಸ ಅಪರಾಧವನ್ನು ಸೃಷ್ಟಿಸಲಾರ ಎಂಬುದು ಅವರ ವಾದದ ಬೆನ್ನೆಲುಬು. ಹಿರೋಷಿಮಾ ನಾಗಸಾಕಿಗಳ ಮೇಲೆ ಅಣುಬಾಂಬು ಹಾಕಿದ ನಿರ್ಧಾರವನ್ನು ಅವರು ಹೆಸರಿಸಿಯೇ ಪ್ರಶ್ನಿಸಿದರು. ನಮ್ಮಲ್ಲಿ ಪಾಲರನ್ನು ಕೊಂಡಾಡುವುದು ವಾಡಿಕೆ, ಜಪಾನಿನಲ್ಲಿ ೨೦೦೫ರಲ್ಲಿ ಯಾಸುಕುನಿ ದೇಗುಲದ ಆವರಣದಲ್ಲಿ ಅವರ ಸ್ಮಾರಕವೂ ಏರಿತು. ಆದರೆ ಅವರನ್ನು ಹೊಗಳುವ ಬಹುಮಂದಿ ಓದದೆ ಬಿಟ್ಟ ಪುಟಗಳಿವೆ. ನಾನ್‌ಕಿಂಗಿನಲ್ಲಿಯೂ ಇತರೆಡೆಗಳಲ್ಲಿಯೂ ಜಪಾನೀ ಪಡೆಗಳು ಎಸಗಿದ ಕ್ರೌರ್ಯಗಳಿಗೆ ಸಾಕ್ಷ್ಯ ಅಪಾರವಾಗಿದೆಯೆಂದು ಪಾಲರು ಒಪ್ಪಿದ್ದರು. ಅವರು ಒಪ್ಪದಿದ್ದುದು, ಅದರ ಹೊಣೆ ಟೋಕಿಯೊದಲ್ಲಿ ಕುಳಿತ ಮಂತ್ರಿಗಳ ತಲೆಗೆ ಬರುತ್ತದೆಂಬುದನ್ನು. ಈ ಕೊನೆಯ ಅಂಶದಲ್ಲಿ ಪಾಲರೊಡನೆ ನನ್ನ ಮನಸ್ಸು ಪೂರ್ತಿಯಾಗಿ ಹೋಗುವುದಿಲ್ಲ. ವರದಿ ಕೈಸೇರಿದ ಮೇಲೂ ಮಂತ್ರಿಯೊಬ್ಬ ಕಾಗದವನ್ನು ಮುಂದಕ್ಕೆ ರವಾನಿಸಿ ನಿಶ್ಚಿಂತನಾಗಬಹುದೇ? ನೇಣು ಆ ತಪ್ಪಿಗೆ ತಕ್ಕ ಶಿಕ್ಷೆಯಲ್ಲವೆಂಬುದು ಬೇರೆ ಮಾತು.

ಪಾಲರು ೧೯೬೭ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ತರುವಾಯ ಅವರು ಹುಟ್ಟಿದ ಪೂರ್ವ ಬಂಗಾಳದ ನೆಲದಲ್ಲಿಯೇ ಭೀಕರ ಹತ್ಯೆಗಳು ನಡೆದವು. ೧೯೭೧ರ ಯುದ್ಧದಲ್ಲಿ ಭಾರತದ ಕೈಗೆ ಸೆರೆಸಿಕ್ಕ ಸುಮಾರು ೯೩,೦೦೦ ಮಂದಿಯಲ್ಲಿ ೧೯೫ ಸೈನಿಕರನ್ನು ಯುದ್ಧಾಪರಾಧಗಳಿಗಾಗಿ ವಿಚಾರಿಸಬೇಕೆಂದು ಬಾಂಗ್ಲಾದೇಶ ಬಯಸಿತು. ಪಾಕಿಸ್ತಾನ ೧೯೭೩ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಭಾರತದ ವಿರುದ್ಧ ದೂರು ಒಯ್ದು ಅದೇ ವರ್ಷ ಹಿಂತೆಗೆದುಕೊಂಡಿತು. ೧೯೭೪ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ಮೂರು ದೇಶಗಳೂ ಮಾಡಿಕೊಂಡ ಒಪ್ಪಂದದಂತೆ ಆ ೧೯೫ ಮಂದಿಯೂ ಮನೆಗೆ ಮರಳಿದರು. ಉಪಖಂಡದ ಶಾಂತಿಗೆ ಅದು ಅಗತ್ಯವಾಗಿತ್ತೆಂದು ಹೇಳುವವರಿದ್ದಾರೆ. ಢಾಕಾದ ವಿಧವೆಯರನ್ನು ಯಾರೂ ಕೇಳಿದಂತಿಲ್ಲ.

ಮನಿಲಾದಲ್ಲಿ ನ್ಯಾಯಹೇಳಿದ ದೇಶಕ್ಕೆ ತನ್ನ ಅಳತೆಗೋಲಿನಿಂದ ತನ್ನನ್ನೇ ಅಳೆದುಕೊಳ್ಳುವ ಸಂದರ್ಭವೂ ಒದಗಿತು. ೧೯೬೮ರ ಮಾರ್ಚ್ ೧೬ರಂದು ವಿಯೆಟ್ನಾಮಿನ ಮೈ ಲಾಯ್ ಗ್ರಾಮದಲ್ಲಿ ಅಮೆರಿಕನ್ ಸೈನಿಕರು ಹೆಂಗಸರು, ಮಕ್ಕಳು, ಮುದುಕರನ್ನು ಕೊಂದರು. ವಿಯೆಟ್ನಾಮಿನ ಲೆಕ್ಕದಂತೆ ಸತ್ತವರು ೫೦೪. ಶಿಕ್ಷೆಯಾದದ್ದು ಲೆಫ್ಟಿನೆಂಟ್ ಕ್ಯಾಲಿ ಒಬ್ಬನಿಗೆ. ಜೀವಾವಧಿಯೆಂದು ವಿಧಿಸಿದ ಆ ಶಿಕ್ಷೆಯೂ ಕೆಲವು ವರ್ಷಗಳ ಗೃಹಬಂಧನದಲ್ಲಿ ಕರಗಿಹೋಯಿತು. ಆತನ ಮೇಲಧಿಕಾರಿ ಕ್ಯಾಪ್ಟನ್ ಮೆಡೀನಾನ ವಿಚಾರಣೆಯಲ್ಲಿ, ಕೊಲೆಗಳು ನಡೆಯುತ್ತಿದ್ದುದು ಆತನಿಗೆ ವಾಸ್ತವವಾಗಿ ತಿಳಿದಿತ್ತೆಂದು ಸಾಬೀತಾದರೆ ಮಾತ್ರ ಅಪರಾಧಿಯೆನ್ನಬಹುದೆಂದು ಸೇನಾ ನ್ಯಾಯಾಧೀಶರು ಸೂಚಿಸಿದರು. ೧೯೭೧ರಲ್ಲಿ ಆತ ಬಿಡುಗಡೆಯಾದನು. ನಿಯಮವಾಗಿ ಇದು ಮನಿಲಾದ ನಿಯಮಕ್ಕಿಂತ ನ್ಯಾಯವಾದದ್ದೆಂದು ವಾದಿಸಬಹುದು. ಆದರೆ ಜಪಾನಿನ ಜನರಲ್‌ಗೆ ಒಂದು ನಿಯಮ, ತಮ್ಮ ಕ್ಯಾಪ್ಟನ್‌ಗೆ ಇನ್ನೊಂದು ಎಂಬುದನ್ನು ಮಾತ್ರ ಯಾವ ವಾದದಿಂದಲೂ ಸಮರ್ಥಿಸಲಾಗದು.

ಕಾನೂನು ಈ ಗೊಂದಲದಿಂದ ಮೆಲ್ಲಗೆ ಹೊರಬಂದಿತು. ೧೯೪೮ರಲ್ಲಿಯೇ, ನ್ಯೂರೆಂಬರ್ಗಿನಲ್ಲಿ ಜರ್ಮನ್ ದಂಡನಾಯಕರ ಮೇಲೆ ನಡೆದ ಎರಡನೆಯ ಸುತ್ತಿನ ಮೊಕದ್ದಮೆಯೊಂದರಲ್ಲಿ, ಕೇವಲ ಪದವಿಯ ಕಾರಣದಿಂದ ಹೊಣೆ ಬರುವುದಿಲ್ಲ, ನಾಯಕನ ಸ್ವಂತ ಕರ್ತವ್ಯಲೋಪ ಕಾಣಬೇಕು ಎಂಬ ಮಾತು ಬಂದಿತ್ತು. ೧೯೭೭ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಪೂರಕ ಪ್ರೋಟೋಕಾಲ್ ಇದನ್ನು ಮೊದಲ ಬಾರಿಗೆ ಬರಹಕ್ಕಿಳಿಸಿತು. ಯುಗೋಸ್ಲಾವಿಯಾ ಒಡೆದಾಗ ಭದ್ರತಾ ಮಂಡಲಿ ೧೯೯೩ರಲ್ಲಿ ಸ್ಥಾಪಿಸಿದ ನ್ಯಾಯಮಂಡಲಿ, ಬೋಸ್ನಿಯಾದ ಚೆಲೆಬಿಚಿ ಬಂಧೀಖಾನೆಯ ಮೊಕದ್ದಮೆಯಲ್ಲಿ, ೧೯೯೮ರಲ್ಲಿ ಮೂರು ಕಟ್ಟಳೆಗಳನ್ನು ಹಾಕಿತು: ಅಧೀನರ ಮೇಲೆ ನಿಜವಾದ ಹತೋಟಿ ಇದ್ದಿರಬೇಕು, ಅಪರಾಧ ತಿಳಿದಿರಬೇಕು, ಇಲ್ಲವೆ ಎಚ್ಚರಿಸುವಂಥ ಮಾಹಿತಿ ಕೈಯಲ್ಲಿದ್ದಿರಬೇಕು, ತಡೆಯಲೋ ಶಿಕ್ಷಿಸಲೋ ಸಾಧ್ಯವಿದ್ದುದನ್ನು ಮಾಡದೆ ಬಿಟ್ಟಿರಬೇಕು. ಬಂಧೀಖಾನೆಯ ಅಧಿಪತಿ ಮೂಚಿಚ್‌ಗೆ ಶಿಕ್ಷೆಯಾಯಿತು. ಅಧಿಕಾರವಿತ್ತೆಂದು ಆಪಾದಿಸಲ್ಪಟ್ಟ ಡೆಲಾಲಿಚ್‌ಗೆ ಹತೋಟಿಯಿತ್ತೆಂದು ಸಾಬೀತಾಗದೆ ಆತ ಬಿಡುಗಡೆಯಾದನು. ಮನಿಲಾದಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳನ್ನು ಅರ್ಧ ಶತಮಾನದ ನಂತರ ಒಂದೊಂದಾಗಿ ಕೇಳಿದಂತಾಯಿತು.

ಅದೇ ವರ್ಷ ರೋಮ್ ನಗರದಲ್ಲಿ ಒಪ್ಪಿತವಾದ ಶಾಸನದಿಂದ ಶಾಶ್ವತವಾದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹುಟ್ಟಿತು. ಅದು ೨೦೦೨ರ ಜುಲೈ ೧ರಿಂದ ಜಾರಿಯಲ್ಲಿದೆ. ಅದರ ೨೮ನೆಯ ವಿಧಿ ಸೇನಾನಿಗೆ ಒಂದು ಅಳತೆ, ನಾಗರಿಕ ಅಧಿಕಾರಿಗೆ ಇನ್ನೊಂದು ಅಳತೆಯನ್ನಿಡುತ್ತದೆ. ಸೇನಾನಿ ತಿಳಿದಿರಬೇಕಾಗಿತ್ತೆಂದರೆ ಸಾಕು; ಮಂತ್ರಿಯಾದರೋ ತಿಳಿದಿರಬೇಕು, ಅಥವಾ ಕಣ್ಣೆದುರಿಗಿದ್ದ ಮಾಹಿತಿಯನ್ನು ಬೇಕೆಂದೇ ಕಡೆಗಣಿಸಿರಬೇಕು. ಹಿರೋತನ ನೆರಳು ಈ ವಾಕ್ಯಗಳ ಹಿಂದೆ ಕಾಣದಿರದು. ೨೦೨೩ರ ಮಾರ್ಚಿನಲ್ಲಿ ರಷ್ಯಾದ ಅಧ್ಯಕ್ಷರ ಮೇಲೆ, ೨೦೨೪ರ ನವೆಂಬರಿನಲ್ಲಿ ಇಸ್ರೇಲಿನ ಪ್ರಧಾನಿಯ ಮೇಲೆ ಹೊರಟ ಬಂಧನಾಜ್ಞೆಗಳೆರಡರಲ್ಲೂ ಮೇಲಧಿಕಾರಿಯ ಹೊಣೆಯ ಮಾತಿದೆ. ರೋಮ್‌ನಲ್ಲಿ ಮತ ಹಾಕುವಾಗ ಭಾರತ ತಟಸ್ಥವಾಗಿ ಉಳಿಯಿತು, ಶಾಸನಕ್ಕೆ ಸೇರಲೂ ಇಲ್ಲ. ಯಮಾಶಿತನನ್ನು ನೇಣಿಗೇರಿಸಿದ ಅಮೆರಿಕ ಸಹಿ ಹಾಕಿ ೨೦೦೨ರಲ್ಲಿ ಹಿಂದೆ ಸರಿಯಿತು.

ಈ ವಿಧಿಯ ಮೊದಲ ದೊಡ್ಡ ಪರೀಕ್ಷೆ ಕಾಂಗೋ ದೇಶದ ಜಾನ್ ಪಿಯೆರ್ ಬೆಂಬಾನ ಮೊಕದ್ದಮೆ. ೨೦೦೨–೦೩ರಲ್ಲಿ ಆತನ ಪಡೆ ನೆರೆಯ ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಹೋಗಿ ಕೊಲೆ, ಅತ್ಯಾಚಾರ, ಲೂಟಿ ನಡೆಸಿತು. ಆತ ಬಹುಪಾಲು ಕಾಂಗೋದಲ್ಲಿಯೇ ಇದ್ದನು. ೨೦೧೬ರಲ್ಲಿ ನ್ಯಾಯಾಲಯ ತಡೆಯದಿದ್ದುದಕ್ಕಾಗಿ ಆತನಿಗೆ ೧೮ ವರ್ಷಗಳ ಸೆರೆ ವಿಧಿಸಿತು. ೨೦೧೮ರ ಜೂನ್ ೮ರಂದು ಮೇಲ್ಮನವಿ ಪೀಠ, ಮೂವರು ಒಂದು ಕಡೆ ಇಬ್ಬರು ಒಂದು ಕಡೆಯಾಗಿ, ಅದನ್ನು ರದ್ದುಪಡಿಸಿತು. ಪರದೇಶದಲ್ಲಿದ್ದ ಪಡೆಯ ಮೇಲೆ ದೂರದ ನಾಯಕ ಏನು ಮಾಡಬಹುದಾಗಿತ್ತು, ಆತ ಕೈಗೊಂಡ ಕ್ರಮಗಳು ನಿಜಕ್ಕೂ ಸಾಲದೇ ಹೋದವೇ ಎಂಬುದನ್ನು ಕೆಳಪೀಠ ಸರಿಯಾಗಿ ತೂಗಲಿಲ್ಲವೆಂದು ಅದು ಹೇಳಿತು. ಮರ್ಫಿಯವರ ವಾದಕ್ಕೆ ಎಪ್ಪತ್ತೆರಡು ವರ್ಷಗಳ ಬಳಿಕ ಬಹುಮತ ಸಿಕ್ಕಿತೆನ್ನಬಹುದು. ಹತ್ತು ವರ್ಷ ಸೆರೆಯಲ್ಲಿದ್ದ ಬೆಂಬಾ ಊರಿಗೆ ಹಿಂತಿರುಗಿದನು. ಆ ಮೊಕದ್ದಮೆಯಲ್ಲಿ ಐದು ಸಾವಿರಕ್ಕಿಂತ ಹೆಚ್ಚು ಮಂದಿ ನೊಂದವರು ಪಕ್ಷಗಾರರಾಗಿದ್ದರು. ಆದ ಅನ್ಯಾಯವನ್ನು ಯಾವ ನ್ಯಾಯಾಧೀಶರೂ ಅಲ್ಲಗಳೆಯಲಿಲ್ಲ. ಆದರೆ ಅಪರಾಧಿಯೇ ಇಲ್ಲವಾದುದರಿಂದ ಪರಿಹಾರದ ಆಜ್ಞೆ ಹೊರಡಿಸುವಂತಿರಲಿಲ್ಲ. ನ್ಯಾಯಾಲಯಕ್ಕೆ ಸೇರಿದ ಸಂತ್ರಸ್ತರ ನಿಧಿ, ಕೆಲವೇ ದಿನಗಳಲ್ಲಿ, ತೀರ್ಪಿನ ಹೊರಗೆ ತನ್ನ ನೆರವಿನ ಕೆಲಸವನ್ನು ಆ ದೇಶದಲ್ಲಿ ತೊಡಗುವುದಾಗಿ ಪ್ರಕಟಿಸಿತು.